ನಕ್ಷೆಯ ಗೆರೆ ಸರಿದಾಗ ಮುಳುಗುವುದು ಯಾರ ಮನೆ?

2025ರ ಜುಲೈ 4ರ ಮುಂಜಾವ. ಅಮೆರಿಕದ ಟೆಕ್ಸಾಸ್ ರಾಜ್ಯದ ಕೆರ್ ಕೌಂಟಿಯಲ್ಲಿ ಗ್ವಾಡಲೂಪ್ ನದಿ ಕೆಲವೇ ತಾಸುಗಳಲ್ಲಿ ಉಕ್ಕಿ ಹರಿಯಿತು. ಆ ಪ್ರದೇಶದ ನೆರೆಗೆ 130ಕ್ಕೂ ಮಿಕ್ಕಿ ಜನ ಬಲಿಯಾದರು. ನದಿ ದಂಡೆಯಲ್ಲಿದ್ದ ಕ್ಯಾಂಪ್ ಮಿಸ್ಟಿಕ್ ಎಂಬ ಹೆಣ್ಣುಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿಯೇ ಮಕ್ಕಳು ಮತ್ತು ಮೇಲ್ವಿಚಾರಕಿಯರು ಸೇರಿ 27 ಮಂದಿ ಪ್ರಾಣ ಕಳಕೊಂಡರು. ಆ ಮಕ್ಕಳ ಭಾವಚಿತ್ರಗಳನ್ನು ನಮ್ಮ ಪತ್ರಿಕೆಗಳೂ ಮುದ್ರಿಸಿದುವು. ಆದರೆ ಕೆಲವು ದಿನಗಳ ಬಳಿಕ ಹೊರಬಿದ್ದ ಇನ್ನೊಂದು ಸಂಗತಿಗೆ ನಮ್ಮಲ್ಲಿ ಅಷ್ಟು ಜಾಗ ಸಿಗಲಿಲ್ಲ. ಆ ಶಿಬಿರದ ಕಟ್ಟಡಗಳನ್ನು ಅಮೆರಿಕದ ಕೇಂದ್ರ ಸರಕಾರದ ತುರ್ತು ನಿರ್ವಹಣಾ ಸಂಸ್ಥೆಯಾದ ಫೆಮಾ 2011ರಲ್ಲಿ ನೆರೆಯ ಅಪಾಯ ವಲಯದೊಳಗೆ ಗುರುತಿಸಿತ್ತು. ಶಿಬಿರದವರು ಮನವಿ ಸಲ್ಲಿಸಿದರು. 2013ರಲ್ಲಿ, ಬಳಿಕ 2019 ಮತ್ತು 2020ರಲ್ಲಿ ಒಟ್ಟು 30 ಕಟ್ಟಡಗಳನ್ನು ಅಧಿಕೃತ ನಕ್ಷೆಯ ಅಪಾಯ ವಲಯದಿಂದ ಹೊರಗಿಡಲಾಯಿತು. ಕಟ್ಟಡಗಳು ಇದ್ದಲ್ಲೇ ಇದ್ದುವು. ನದಿಯೂ ಇದ್ದಲ್ಲೇ ಇತ್ತು.

ನಕ್ಷೆ ತಿದ್ದಿದ್ದರಿಂದಲೇ ಆ ಮಕ್ಕಳು ಸತ್ತರು ಎಂದು ಹೇಳುವುದು ಅನ್ಯಾಯವಾದೀತು. ಆ ರಾತ್ರಿಯ ಮಳೆಗೆ ನಕ್ಷೆ ಕಾರಣವಲ್ಲ. ಎಚ್ಚರಿಕೆಯ ವ್ಯವಸ್ಥೆಯಲ್ಲಿದ್ದ ಲೋಪಗಳ ಚರ್ಚೆಯೂ ಬೇರೆಯದೇ. ಆದರೆ ಇಲ್ಲೊಂದು ಪ್ರಶ್ನೆಯಿದೆ. ನೆರೆಯ ಅಪಾಯವನ್ನು ತೋರಿಸಲಿಕ್ಕೆಂದು ರಚಿಸಿದ ನಕ್ಷೆಯಿಂದ ತನ್ನ ಕಟ್ಟಡವನ್ನು ಹೊರಗಿಡಿಸಲು ಒಬ್ಬಾತ ಯಾಕೆ ಅಷ್ಟೊಂದು ಶ್ರಮ ಪಡುತ್ತಾನೆ? ನಕ್ಷೆಯಿಂದ ಹೊರಬಂದ ಮಾತ್ರಕ್ಕೆ ನೀರು ಅಂಗಳಕ್ಕೆ ಬಾರದೇ ಇರುತ್ತದೆಯೇ? ಇಲ್ಲ. ಆದರೆ ವಲಯದೊಳಗಿದ್ದರೆ ಕಟ್ಟಡ ನಿಯಮಗಳು ಬಿಗಿಯಾಗುತ್ತವೆ. ಬ್ಯಾಂಕಿನ ಸಾಲವಿದ್ದರೆ ನೆರೆ ವಿಮೆ ಕಡ್ಡಾಯವಾಗುತ್ತದೆ. ಆಸ್ತಿಯ ಮೌಲ್ಯ ಇಳಿಯುತ್ತದೆ. ಒಟ್ಟಿನಲ್ಲಿ, ಅಮೆರಿಕದಲ್ಲಿ ನೆರೆಯ ನಕ್ಷೆ ಎಂಬುದು ಭೂಗೋಳದ ಪಾಠವಲ್ಲ, ಅದು ಪ್ರತಿಯೊಂದು ಮನೆಯ ತಿಂಗಳ ಖರ್ಚಿನ ಪಟ್ಟಿ. ಅದರ ಒಂದು ಗೆರೆ ನೂರು ಅಡಿ ಆಚೀಚೆ ಸರಿದರೆ ಕುಟುಂಬವೊಂದರ ಲೆಕ್ಕಾಚಾರವೇ ಬುಡಮೇಲಾಗುತ್ತದೆ.

ಅಮೆರಿಕದ ಗೆರೆಯನ್ನು ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೇಳುವವರಿರಬಹುದು. ಹ್ಯೂಸ್ಟನ್, ಡಲ್ಲಾಸ್, ನ್ಯೂಜೆರ್ಸಿಗಳಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ತಂದೆ-ತಾಯಿ ಇಲ್ಲಿದ್ದಾರೆ, ಮಗ-ಸೊಸೆ ಅಲ್ಲಿ ಮೂವತ್ತು ವರ್ಷದ ಸಾಲ ಮಾಡಿ ಮನೆ ಕೊಂಡಿದ್ದಾರೆ. ಮಗನಿಗೆ ಬ್ಯಾಂಕಿನಿಂದ ಬಂದ ಒಂದು ಪತ್ರದ ಬಿಸಿ ಇಲ್ಲಿಗೂ ತಟ್ಟುತ್ತದೆ. ಅಲ್ಲದೇ, ಅಪಾಯವನ್ನು ಅಳೆದು ಅದಕ್ಕೆ ಬೆಲೆ ಕಟ್ಟುವ ಪದ್ಧತಿಯನ್ನು ಇಷ್ಟು ವಿಸ್ತಾರವಾಗಿ ಬೆಳೆಸಿದ ದೇಶ ಬೇರೆ ಇಲ್ಲ. ಆ ಪದ್ಧತಿ ಯಾರನ್ನು ಕಾಪಾಡಿದೆ, ಯಾರನ್ನು ಕೈಬಿಟ್ಟಿದೆ ಎಂದು ನೋಡುವುದು ವ್ಯರ್ಥವಲ್ಲ. (ವಿಮೆಯ ಕುರಿತಂತೆ ನಮ್ಮೊಳಗಿರುವ ಧಾರ್ಮಿಕ ಚರ್ಚೆಯನ್ನು ನಾನಿಲ್ಲಿ ಎತ್ತುತ್ತಿಲ್ಲ. ಅಪಾಯ ವಲಯದಲ್ಲಿ ಬ್ಯಾಂಕ್ ಸಾಲದ ಮೂಲಕ ಮನೆ ಕೊಂಡವನಿಗೆ ಆ ದೇಶದ ಕಾನೂನು ಆಯ್ಕೆಯನ್ನೇ ಉಳಿಸಿಲ್ಲ.)

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಎಂಬ ಮಾದರಿ ಮನೆ ವಿಮೆಯಲ್ಲಿ ಬೆಂಕಿ, ಭೂಕಂಪದ ಜೊತೆಗೆ ನೆರೆಯೂ ಸೇರಿದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಸಾಮಾನ್ಯ ಮನೆ ವಿಮೆಯಲ್ಲಿ ಬೆಂಕಿ ಇದೆ, ಗಾಳಿ ಇದೆ, ಕಳ್ಳತನ ಇದೆ. ಆದರೆ ನೆರೆ ಇಲ್ಲ. ಮನೆಯೊಳಗೆ ನಳ್ಳಿ ಒಡೆದು ನೀರು ತುಂಬಿದರೆ ಹಣ ಸಿಗುತ್ತದೆ, ನದಿ ಉಕ್ಕಿ ನೀರು ತುಂಬಿದರೆ ಸಿಗುವುದಿಲ್ಲ. ಪ್ರತಿ ವರ್ಷ ಸಾವಿರಾರು ಡಾಲರ್ ಪ್ರೀಮಿಯಂ ಕಟ್ಟುತ್ತಾ ಬಂದ ಕುಟುಂಬಗಳು ನೆರೆ ಇಳಿದ ಮರುದಿನ ಈ ಸತ್ಯವನ್ನು ತಿಳಿದುಕೊಳ್ಳುತ್ತವೆ.

ಇದಕ್ಕೊಂದು ಇತಿಹಾಸವಿದೆ. 1927ರಲ್ಲಿ ಮಿಸಿಸಿಪ್ಪಿ ನದಿಯ ಮಹಾ ನೆರೆಯ ಬಳಿಕ ಖಾಸಗಿ ವಿಮಾ ಕಂಪೆನಿಗಳು ನೆರೆಯ ಸಹವಾಸವೇ ಬೇಡವೆಂದು ಕೈ ತೊಳೆದುಕೊಂಡುವು. ಯಾಕೆಂದರೆ, ಬೆಂಕಿ ಊರಿನಲ್ಲಿ ಒಂದು ಮನೆಗೆ ಬೀಳುತ್ತದೆ, ನೆರೆ ಇಡೀ ಊರಿಗೇ ಬರುತ್ತದೆ. ಹತ್ತು ಮಂದಿ ಕಟ್ಟಿದ ಹಣದಿಂದ ಒಬ್ಬನಿಗೆ ಪರಿಹಾರ ಕೊಡಬಹುದು. ಆದರೆ ಹತ್ತು ಮಂದಿಯೂ ಒಂದೇ ದಿನ ಬಾಗಿಲಿಗೆ ಬಂದು ನಿಂತರೆ? 1965ರಲ್ಲಿ ಬೆಟ್ಸಿ ಚಂಡಮಾರುತ ಲೂಸಿಯಾನವನ್ನು ಮುಳುಗಿಸಿದಾಗ ಸರಕಾರ ಬೊಕ್ಕಸದಿಂದ ಪರಿಹಾರ ಕೊಡಬೇಕಾಯಿತು. ಆ ಅನುಭವದಿಂದಲೇ 1968ರಲ್ಲಿ ರಾಷ್ಟ್ರೀಯ ನೆರೆ ವಿಮಾ ಯೋಜನೆ ಹುಟ್ಟಿಕೊಂಡಿತು. ವಿಮೆಯನ್ನು ಸರಕಾರವೇ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಊರುಗಳು ನೆರೆ ಬಯಲಿನಲ್ಲಿ ಕಟ್ಟಡ ಕಟ್ಟುವುದಕ್ಕೆ ನಿಯಮ ಹೇರಬೇಕು. 1973ರಲ್ಲಿ ಇನ್ನೊಂದು ಕಾಯ್ದೆ ಬಂತು. ಅಪಾಯ ವಲಯದೊಳಗಿನ ಮನೆಗೆ ಕೇಂದ್ರದ ನಿಯಂತ್ರಣಕ್ಕೊಳಪಟ್ಟ ಬ್ಯಾಂಕಿನಿಂದ ಸಾಲ ಪಡೆದರೆ ನೆರೆ ವಿಮೆ ಕಡ್ಡಾಯ ಎಂದಿತು. ಗೆರೆಗೆ ಬಲ ಬಂದುದು ಆಗ.

ಅಪಾಯ ವಲಯ ಎಂದರೇನು? ಯಾವುದೇ ಒಂದು ವರ್ಷದಲ್ಲಿ ನೆರೆ ಬರುವ ಸಾಧ್ಯತೆ ಶೇ.1 ಅಥವಾ ಅದಕ್ಕಿಂತ ಹೆಚ್ಚಿರುವ ಜಾಗ. ನಕ್ಷೆಯಲ್ಲಿ ಎ ಅಥವಾ ವಿ ಅಕ್ಷರದಿಂದ ಆರಂಭವಾಗುವ ವಲಯಗಳಿವು. ವಿ ಎಂದರೆ ಕಡಲ ಅಲೆಯ ಹೊಡೆತವೂ ಇರುವ ಜಾಗ. ಉಳಿದ ಬಹುತೇಕ ಜಾಗ ಎಕ್ಸ್ ವಲಯ. ಶೇ.1ರ ನೆರೆಗೆ 'ನೂರು ವರ್ಷದ ನೆರೆ' ಎಂಬ ಅಡ್ಡಹೆಸರಿದೆ. ಈ ಹೆಸರು ಮಾಡಿದ ಹಾನಿ ಅಷ್ಟಿಷ್ಟಲ್ಲ. ನೂರು ವರ್ಷಕ್ಕೊಮ್ಮೆ ಬರುವ ನೆರೆ ತಾನೇ, ಮೊನ್ನೆಯಷ್ಟೇ ಬಂದು ಹೋಯಿತಲ್ಲ, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಜನ ನಂಬುತ್ತಾರೆ. ನಿಜವಾಗಿ, ವರ್ಷಕ್ಕೆ ಶೇ.1 ಎಂದರೆ 30 ವರ್ಷದ ಸಾಲದ ಅವಧಿಯಲ್ಲಿ ಒಮ್ಮೆಯಾದರೂ ಮುಳುಗುವ ಸಾಧ್ಯತೆ ಶೇ.26. ನಾಲ್ಕು ಮನೆಗಳಲ್ಲಿ ಒಂದು!

ಈಗ ಗೆರೆ ಸರಿದ ಮನೆಯೊಂದನ್ನು ಊಹಿಸಿಕೊಳ್ಳಿ. ಇಷ್ಟು ವರ್ಷ ಎಕ್ಸ್ ವಲಯದಲ್ಲಿದ್ದ ಮನೆ ಹೊಸ ನಕ್ಷೆಯಲ್ಲಿ ಎಇ ವಲಯಕ್ಕೆ ಸೇರಿದೆ. ಕರಡು ನಕ್ಷೆ ಹೊರಬಿದ್ದ ಬಳಿಕ ಆಕ್ಷೇಪಣೆಗೆ 90 ದಿನಗಳ ಅವಕಾಶವಿತ್ತು. ಅಂತಿಮ ತೀರ್ಮಾನದ ಪತ್ರ ಹೊರಟ ಬಳಿಕ ಜಾರಿಯಾಗಲು ಆರು ತಿಂಗಳು. ಆದರೆ ಎರಡು ಪಾಳಿಯಲ್ಲಿ ದುಡಿಯುವವನಿಗೆ ಊರಾಡಳಿತದ ಪ್ರಕಟಣೆಗಳನ್ನು ಓದಲು ಪುರುಸೊತ್ತೆಲ್ಲಿದೆ? ಅವನಿಗೆ ವಿಷಯ ಗೊತ್ತಾಗುವುದು ಬ್ಯಾಂಕಿನ ಪತ್ರ ಬಂದಾಗ. 45 ದಿನಗಳೊಳಗೆ ನೆರೆ ವಿಮೆ ಮಾಡಿಸು, ಇಲ್ಲದಿದ್ದರೆ ನಾವೇ ಮಾಡಿಸಿ ನಿನ್ನ ಖಾತೆಗೆ ಹಾಕುತ್ತೇವೆ ಎನ್ನುತ್ತದೆ ಪತ್ರ. ಬ್ಯಾಂಕು ತಾನಾಗಿ ಮಾಡಿಸುವ ವಿಮೆ ಸಾಮಾನ್ಯವಾಗಿ ದುಬಾರಿ, ಅದು ಕಾಪಾಡುವುದೂ ಮುಖ್ಯವಾಗಿ ಬ್ಯಾಂಕಿನ ಹಣವನ್ನು. ಗೆರೆ ಬದಲಾದ 12 ತಿಂಗಳೊಳಗೆ ಸರಕಾರಿ ವಿಮೆ ಕೊಂಡವನಿಗೆ ಆರಂಭದಲ್ಲಿ ರಿಯಾಯಿತಿಯ ದರ ಸಿಗುತ್ತದೆ. ಬಳಿಕ ಅದು ಪೂರ್ಣ ದರವನ್ನು ಮುಟ್ಟುವ ತನಕ ವರ್ಷ ವರ್ಷವೂ ಏರುತ್ತದೆ. ಸ್ವಂತ ವಾಸದ ಮನೆಗೆ ಈ ಏರಿಕೆ ವರ್ಷಕ್ಕೆ ಶೇ.18ನ್ನು ಮೀರಬಾರದೆಂದು ಕಾನೂನಿದೆ.

ಶೇ.18 ಎಂದರೆ ಕಡಿಮೆಯಾಯಿತಲ್ಲ ಎಂದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 700 ಡಾಲರ್‌ನ ಪ್ರೀಮಿಯಂ ವರ್ಷಕ್ಕೆ ಶೇ.18ರಂತೆ ಏರಿದರೆ ಐದನೇ ಏರಿಕೆಯ ಹೊತ್ತಿಗೆ 1,600 ಡಾಲರ್. ಸಂಬಳ ಐದು ವರ್ಷಗಳಲ್ಲಿ ಇಮ್ಮಡಿಯಾಗುವ ಭಾಗ್ಯ ಎಷ್ಟು ಮಂದಿಗಿದೆ? ಇದು ಮನೆ ವಿಮೆ, ಆಸ್ತಿ ತೆರಿಗೆಗಳ ಮೇಲಿನ ಹೆಚ್ಚುವರಿ ಹೊರೆ. ಇಷ್ಟಾದರೂ ಸರಕಾರಿ ವಿಮೆ ಮನೆಯ ಕಟ್ಟಡಕ್ಕೆ ಕೊಡುವುದು ಗರಿಷ್ಠ 2.5 ಲಕ್ಷ ಡಾಲರ್, ಸಾಮಗ್ರಿಗಳಿಗೆ 1 ಲಕ್ಷ ಡಾಲರ್. ದೊಡ್ಡ ನಗರಗಳಲ್ಲಿ ಆ ಹಣಕ್ಕೆ ಅರ್ಧ ಮನೆಯೂ ಏಳದು.

ಹಾಗಂತ, ಗೆರೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದೂ ತಿಳಿಯಬೇಕಿಲ್ಲ. 2021ರ ಅಕ್ಟೋಬರ್ 1ರಿಂದ ಹೊಸ ವಿಮೆಗಳಿಗೂ, 2022ರ ಏಪ್ರಿಲ್ 1ರಿಂದ ಹಳೆಯ ವಿಮೆಗಳ ನವೀಕರಣಕ್ಕೂ ಫೆಮಾ ಹೊಸ ದರ ಪದ್ಧತಿಯನ್ನು ತಂದಿತು. 'ರಿಸ್ಕ್ ರೇಟಿಂಗ್ 2.0' ಎಂದು ಅದರ ಹೆಸರು. ಇದರ ಪ್ರಕಾರ ದರ ನಿಗದಿಯಾಗುವುದು ವಲಯದ ಅಕ್ಷರದಿಂದ ಅಲ್ಲ. ಮನೆ ನೀರಿನಿಂದ ಎಷ್ಟು ದೂರ, ನೆಲ ಎಷ್ಟು ಎತ್ತರ, ಅಡಿಪಾಯ ಯಾವ ಬಗೆಯದು, ಮರಳಿ ಕಟ್ಟಲು ಎಷ್ಟು ತಗಲುತ್ತದೆ ಎಂಬುದನ್ನೆಲ್ಲ ಮನೆ ಮನೆಗೂ ಲೆಕ್ಕ ಹಾಕಲಾಗುತ್ತದೆ. ಅಂದರೆ, ಇವತ್ತು ಗೆರೆ ನಿರ್ಧರಿಸುವುದು ವಿಮೆ ಕಡ್ಡಾಯವೋ ಅಲ್ಲವೋ ಎಂಬುದನ್ನು; ಎಷ್ಟು ಎಂಬುದನ್ನು ಮನೆಯ ಜಾತಕ ನಿರ್ಧರಿಸುತ್ತದೆ. ಗೆರೆಯಿಂದ ಹೊರಬಂದೆ, ಇನ್ನು ದರ ಇಳಿದೀತು ಎಂದು ಕಾಯುವವರು ಇದನ್ನು ಗಮನಿಸಬೇಕು.

ಈ ಹೊಸ ಪದ್ಧತಿಯಲ್ಲಿ ಒಂದು ನ್ಯಾಯವಿದೆ ಎಂಬುದನ್ನು ಒಪ್ಪಲೇಬೇಕು. ಹಳೆಯ ಪದ್ಧತಿಯಲ್ಲಿ ಕಡಲ ದಂಡೆಯ ಭವ್ಯ ಬಂಗಲೆಗೂ ಒಳನಾಡಿನ ಸಣ್ಣ ಮನೆಗೂ ಒಂದೇ ವಲಯವಾದರೆ ಹೆಚ್ಚುಕಡಿಮೆ ಒಂದೇ ತಕ್ಕಡಿ. ಸಣ್ಣ ಮನೆಯವನು ತನಗೆ ಅರಿವಿಲ್ಲದೆಯೇ ಬಂಗಲೆಯ ವಿಮೆಗೆ ಹಣ ತೆರುತ್ತಿದ್ದ. ಫೆಮಾದ ಲೆಕ್ಕದಂತೆ ಮೊದಲ ವರ್ಷ ಶೇ.23ರಷ್ಟು ವಿಮೆದಾರರ ದರ ಇಳಿಯಬೇಕಿತ್ತು. ಶೇ.66 ಮಂದಿಗೆ ತಿಂಗಳಿಗೆ 10 ಡಾಲರ್‌ನ ಒಳಗಿನ ಏರಿಕೆ, ಶೇ.7 ಮಂದಿಗೆ 10ರಿಂದ 20 ಡಾಲರ್, ಶೇ.4 ಮಂದಿಗೆ ಅದಕ್ಕಿಂತ ಹೆಚ್ಚು. ಆದರೆ ಮೊದಲ ವರ್ಷದ ಅಂಕಿಗಳಷ್ಟೇ ಸತ್ಯವಲ್ಲ. ಅಮೆರಿಕದ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ, 2022ರ ಡಿಸೆಂಬರ್‌ನಲ್ಲಿ ವಿಮೆದಾರರ ಸಾಲಿನ ನಟ್ಟನಡುವೆ ಇರುವವನು ವರ್ಷಕ್ಕೆ ಕಟ್ಟುತ್ತಿದ್ದುದು 689 ಡಾಲರ್. ಪೂರ್ಣ ಅಪಾಯಕ್ಕೆ ತಕ್ಕ ದರವಾಗಬೇಕಾದರೆ ಅದು 1,288 ಡಾಲರ್‌ಗೆ ಏರಬೇಕು. ಹೆಚ್ಚುಕಡಿಮೆ ಇಮ್ಮಡಿ. ಲೂಸಿಯಾನದ ನೇತೃತ್ವದಲ್ಲಿ ಹತ್ತು ರಾಜ್ಯಗಳು 2023ರಲ್ಲಿ ಫೆಮಾದ ವಿರುದ್ಧ ನ್ಯಾಯಾಲಯಕ್ಕೆ ಹೋದುದು ಈ ಕಾರಣಕ್ಕೆ.

ಇಷ್ಟಕ್ಕೂ ಇದು ಮೊದಲ ಜಗಳವಲ್ಲ. 2005ರ ಕತ್ರಿನಾ ಚಂಡಮಾರುತ ಯೋಜನೆಯ ಖಜಾನೆಯನ್ನು ಬರಿದು ಮಾಡಿ ಸಾಲದ ಕೂಪಕ್ಕೆ ತಳ್ಳಿತು. 2012ರ ಜುಲೈಯಲ್ಲಿ ಸಂಸತ್ತು ಬಿಗರ್ಟ್-ವಾಟರ್ಸ್ ಕಾಯ್ದೆಯ ಮೂಲಕ ರಿಯಾಯಿತಿಗಳನ್ನು ಕಿತ್ತುಹಾಕಲು ಹೊರಟಿತು. ನಕ್ಷೆ ಬದಲಾಗಿ ಹೊಸದಾಗಿ ವಲಯದೊಳಗೆ ಬಿದ್ದ ಮನೆಗಳು ವರ್ಷಕ್ಕೆ ಶೇ.20ರಂತೆ ಐದೇ ವರ್ಷಗಳಲ್ಲಿ ಪೂರ್ಣ ದರಕ್ಕೆ ಬರಬೇಕೆಂಬ ನಿಯಮವೂ ಅದರಲ್ಲಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್-ನ್ಯೂಜೆರ್ಸಿಗಳಿಗೆ ಅಪ್ಪಳಿಸಿತು. ಮನೆ ಕಳಕೊಂಡವರ ಕೈಗೆ ಹೊಸ ದರದ ಪತ್ರಗಳು ಬಂದುವು. ದೇಶದಾದ್ಯಂತ ಕೋಲಾಹಲವೆದ್ದಿತು. ಕಾಯ್ದೆಗೆ ತನ್ನ ಹೆಸರನ್ನೇ ಕೊಟ್ಟಿದ್ದ ಸಂಸದೆ ಮ್ಯಾಕ್ಸಿನ್ ವಾಟರ್ಸ್ ಅದನ್ನು ಹಿಂಪಡೆಯುವ ಹೋರಾಟದ ಮುಂಚೂಣಿಯಲ್ಲಿ ನಿಂತರು! 2014ರ ಮಾರ್ಚ್‌ನಲ್ಲಿ ಇನ್ನೊಂದು ಕಾಯ್ದೆ ಬಂದು ಆ ನಿಯಮ ರದ್ದಾಯಿತು. ವಸ್ತುಸ್ಥಿತಿಯನ್ನು ಒಮ್ಮೆಲೇ ಜನರ ತಲೆಗೆ ಕಟ್ಟಲು ಹೊರಟು, ಜನ ಕೂಗಿದಾಗ ವಸ್ತುಸ್ಥಿತಿಯನ್ನೇ ಮುಂದೂಡಿದರು. ಇವೆರಡರ ನಡುವೆ ಬಡವನಿಗೆ ಏನಾದರೂ ಬೇರೆ ವ್ಯವಸ್ಥೆ ಮಾಡಬಹುದಿತ್ತಲ್ಲವೇ ಎಂದು ಕೇಳಿದವರು ಇರಲಿಲ್ಲವೆಂದಲ್ಲ. ಅವರ ದನಿ ಕೇಳಿಸಲಿಲ್ಲ.

ನ್ಯೂಯಾರ್ಕ್ ನಗರದ ಕತೆ ಇನ್ನೂ ಸ್ವಾರಸ್ಯಕರ. ಸ್ಯಾಂಡಿಯ ಬಳಿಕ ಫೆಮಾ ಹೊಸ ಕರಡು ನಕ್ಷೆ ತಯಾರಿಸಿತು. ವಲಯವನ್ನು ಶೇ.35ರಷ್ಟು ಅತಿಯಾಗಿ ಹಿಗ್ಗಿಸಲಾಗಿದೆ, 26,000 ಕಟ್ಟಡಗಳನ್ನು ವಿನಾ ಕಾರಣ ಸೇರಿಸಲಾಗಿದೆ ಎಂದು ನಗರಾಡಳಿತ 2015ರಲ್ಲಿ ತಕರಾರು ಸಲ್ಲಿಸಿತು. ನಗರದ ಬಳಿ ತಜ್ಞರಿದ್ದರು, ಹಣವಿತ್ತು, ವಾದವೂ ಗಟ್ಟಿಯಿತ್ತು. 2016ರಲ್ಲಿ ಫೆಮಾ ನಕ್ಷೆಯನ್ನು ಮರುರಚಿಸಲು ಒಪ್ಪಿತು. ಅಲ್ಲಿಯವರೆಗೆ ವಿಮೆಗೆ 2007ರ ಹಳೆಯ ನಕ್ಷೆಯೇ ಆಧಾರ ಎಂದಾಯಿತು. ಕಡಲ ದಂಡೆಯ ಮನೆಯವರು ನಿಟ್ಟುಸಿರು ಬಿಟ್ಟರು. ಆದರೆ 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಶೇಷ ಮಳೆಯಾಗಿ ಆ ನಗರದ ಮೇಲೆ ಸುರಿಯಿತು. 13 ಮಂದಿ ಸತ್ತರು. ಅವರಲ್ಲಿ 11 ಮಂದಿ ನೆಲಮಾಳಿಗೆಯ ಬಾಡಿಗೆ ಮನೆಗಳಲ್ಲಿದ್ದವರು, ಹೆಚ್ಚಿನವರು ಕ್ವೀನ್ಸ್ ಭಾಗದವರು. ಏಷ್ಯಾದಿಂದ, ಲ್ಯಾಟಿನ್ ಅಮೆರಿಕದಿಂದ ಬದುಕು ಅರಸಿ ಬಂದವರು ಕಿಕ್ಕಿರಿದು ವಾಸಿಸುವ ಭಾಗವದು. ಅವರನ್ನು ಕೊಂದ ನೀರು ಕಡಲಿನಿಂದಲೂ ಬಂದಿರಲಿಲ್ಲ, ನದಿಯಿಂದಲೂ ಬಂದಿರಲಿಲ್ಲ. ಬೀದಿಯ ಚರಂಡಿಗೆ ಹಿಡಿಸಲಾರದ ಮಳೆ ನೀರದು. ಫೆಮಾದ ನಕ್ಷೆ ನದಿ ಮತ್ತು ಕಡಲಿನ ನೆರೆಯನ್ನು ತೋರಿಸುತ್ತದೆಯೇ ಹೊರತು ಬೀದಿಯಲ್ಲಿ ನಿಲ್ಲುವ ಮಳೆ ನೀರನ್ನಲ್ಲ. ಗೆರೆ ಎಲ್ಲಿರಬೇಕೆಂದು ವರ್ಷಗಟ್ಟಲೆ ವಾದಿಸಲಾಯಿತು. ಸತ್ತವರು ಆ ವಾದದ ಎರಡೂ ಬದಿಯಲ್ಲಿ ಇರಲಿಲ್ಲ.

ಹ್ಯೂಸ್ಟನ್ನಿನಲ್ಲೂ ಇದೇ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಹ್ಯಾರಿಸ್ ಕೌಂಟಿಯಲ್ಲಿ 1,54,170 ಮನೆಗಳಿಗೆ ನೀರು ನುಗ್ಗಿಸಿತು ಎಂದು ಅಲ್ಲಿನ ನೆರೆ ನಿಯಂತ್ರಣ ಇಲಾಖೆ ಲೆಕ್ಕ ಕೊಟ್ಟಿದೆ. ಅವುಗಳಲ್ಲಿ ಅಪಾಯ ವಲಯದೊಳಗಿದ್ದುದು 48,850 ಮಾತ್ರ. ಮೂರರಲ್ಲಿ ಎರಡು ಪಾಲು ಮನೆಗಳು ಗೆರೆಯ ಹೊರಗಿದ್ದುವು. ಮುಳುಗಿದ ಮನೆಗಳಲ್ಲಿ ಶೇ.64ರಷ್ಟಕ್ಕೆ ನೆರೆ ವಿಮೆಯೇ ಇರಲಿಲ್ಲ. ಯಾಕೆಂದರೆ ಯಾರೂ ಕಡ್ಡಾಯ ಮಾಡಿರಲಿಲ್ಲ. ಗೆರೆಯ ಆಚೆ ಇರುವುದೆಂದರೆ ಅಪಾಯದಾಚೆ ಇರುವುದೆಂದು ಜನರು ಭಾವಿಸಿದ್ದರು. ಹಾಗೆ ಭಾವಿಸುವುದಕ್ಕೆ ಅವರನ್ನು ದೂರುವಂತೆಯೂ ಇಲ್ಲ, ಮನೆ ಮಾರಿದವನೂ ದಲ್ಲಾಳಿಯೂ ಹೇಳಿದ್ದು ಅದನ್ನೇ. ಮರು ವರ್ಷ ಅಮೆರಿಕದ ಹವಾಮಾನ ಸಂಸ್ಥೆ ಹ್ಯೂಸ್ಟನ್ನಿನ 'ನೂರು ವರ್ಷದ ಮಳೆ'ಯ ಅಳತೆಯನ್ನು ದಿನಕ್ಕೆ ಸುಮಾರು 13 ಇಂಚಿನಿಂದ 18 ಇಂಚಿಗೆ ಏರಿಸಿತು. ಮಳೆಯ ಅಳತೆ ಬದಲಾದರೆ ಗೆರೆಯೂ ಬದಲಾಗಲೇಬೇಕು. ಆದರೆ ಅದಕ್ಕೆ ತಕ್ಕ ಹೊಸ ನಕ್ಷೆ ವರ್ಷಗಟ್ಟಲೆ ತಡವಾಯಿತು. ಈ ನಡುವೆ ಹಳೆಯ ಗೆರೆ ನಂಬಿ ಮನೆ ಕೊಂಡವರ ಜವಾಬ್ದಾರಿ ಯಾರದು?

ಇಲ್ಲಿ ನಾವು ಒಂದು ಸರಳ ವಾದಕ್ಕೆ ಬೀಳುವ ಅಪಾಯವಿದೆ. ದರ ಏರುವುದು ಬಡವನಿಗೆ ಕಷ್ಟ, ಆದ್ದರಿಂದ ದರ ಏರಿಸಬೇಡಿ, ಗೆರೆ ಸರಿಸಬೇಡಿ ಎಂಬ ವಾದ. ಕೇಳಲು ಇದು ಬಡವರ ಪರವಾಗಿದೆ. ಆದರೆ ಕ್ಯಾಂಪ್ ಮಿಸ್ಟಿಕ್ ಇದಕ್ಕೆ ಉತ್ತರ. ನಕ್ಷೆಯನ್ನು ಮೆದು ಮಾಡಬಹುದು, ನೀರು ಮೆದುವಾಗುವುದಿಲ್ಲ. ಅಗ್ಗದ ವಿಮೆ ಅಪಾಯದ ಜಾಗದಲ್ಲಿ ಮನೆ ಕಟ್ಟಲು ಕೊಡುವ ಆಮಂತ್ರಣವೂ ಹೌದು. ಜೊತೆಗೆ, ಸುಳ್ಳು ದರದ ಲಾಭ ಬಡವನಿಗೇ ಸಿಗುತ್ತದೆಂದು ಯಾರು ಹೇಳಿದರು? 2018ರಲ್ಲಿ ಫೆಮಾವೇ ಮಾಡಿದ ಅಧ್ಯಯನದಂತೆ, ಅಪಾಯ ವಲಯದೊಳಗೆ ನೆರೆ ವಿಮೆ ಹೊಂದಿರುವ ಕುಟುಂಬಗಳ ಮಧ್ಯಮ ಆದಾಯ ವರ್ಷಕ್ಕೆ 77,000 ಡಾಲರ್, ವಿಮೆ ಇಲ್ಲದ ಕುಟುಂಬಗಳದ್ದು 40,000 ಡಾಲರ್. ಎಲ್ಲರಿಗೂ ಸಮಾನವಾಗಿ ದರ ತಗ್ಗಿಸಿದರೆ ತಗ್ಗಿಸಿದ ಹಣ ಹೋಗುವುದು ವಿಮೆ ಇದ್ದವನ ಜೇಬಿಗೆ. ವಿಮೆಯನ್ನೇ ಕೊಳ್ಳಲಾಗದವನಿಗೆ ಏನೂ ಇಲ್ಲ.

ಇದರ ವಿರುದ್ಧ ದಿಕ್ಕಿನ ವಾದವೂ ಅಷ್ಟೇ ಅರೆಬರೆ. ಅಪಾಯಕ್ಕೆ ತಕ್ಕ ಬೆಲೆ ಕಟ್ಟಿ, ಕಟ್ಟಲಾಗದವನು ಬೇರೆಡೆಗೆ ಹೋಗಲಿ ಎನ್ನುವವರಿದ್ದಾರೆ. ಎಲ್ಲಿಗೆ ಹೋಗಬೇಕು? ದರ ಏರಿದ ಕೂಡಲೇ ಅವನ ಮನೆಯ ಬೆಲೆ ಇಳಿದಿದೆ. ಇಳಿದ ಬೆಲೆಗೆ ಮಾರಿ ಎತ್ತರದ ಜಾಗದಲ್ಲಿ ಕೊಳ್ಳುವ ಶಕ್ತಿ ಇದ್ದಿದ್ದರೆ ಅವನು ತಗ್ಗಿನಲ್ಲಿ ಮನೆ ಮಾಡುತ್ತಿದ್ದನೇ? ಅವನು ಹೋಗುವುದಿಲ್ಲ. ಅವನು ಮಾಡುವುದು ಇಷ್ಟೇ: ಸಾಲ ತೀರಿದ್ದರೆ ವಿಮೆಯನ್ನು ನಿಲ್ಲಿಸಿಬಿಡುತ್ತಾನೆ. ಸಾಲ ತೀರಿಸಿದ ಹಿರಿಯರು, ತಂದೆಯಿಂದ ಮನೆ ಬಳುವಳಿ ಪಡೆದವರು ಹೀಗೆ ವಿಮೆಯಿಂದ ಹೊರನಡೆಯುತ್ತಾರೆ. ಮುಂದಿನ ನೆರೆಗೆ ಅವರ ಆಯುಷ್ಯದ ದುಡಿಮೆ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಉತ್ತರ ಕೆರೊಲಿನಾದ ಬೆಟ್ಟದೂರುಗಳನ್ನು ಧ್ವಂಸ ಮಾಡಿದಾಗ ಆಶ್‌ವಿಲ್ ನಗರವಿರುವ ಕೌಂಟಿಯಲ್ಲಿ ನೆರೆ ವಿಮೆ ಇದ್ದ ಕುಟುಂಬಗಳು ಶೇ.1ಕ್ಕೂ ಕಡಿಮೆ.

ಆದ್ದರಿಂದ ಇಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆಯಬೇಕು. ನಕ್ಷೆ ನಿಜವನ್ನೇ ಹೇಳಬೇಕು. ದರವೂ ನಿಜವನ್ನೇ ಹೇಳಬೇಕು. ನೆರವನ್ನು ನಕ್ಷೆಯ ಸುಳ್ಳಿನೊಳಗೆ ಅಡಗಿಸದೆ, ಬಹಿರಂಗವಾಗಿ, ಆದಾಯ ನೋಡಿ, ಅರ್ಹನ ಕೈಗೆ ಕೊಡಬೇಕು. ನಿನ್ನ ಮನೆಯ ಅಪಾಯದ ಬೆಲೆ 2,000 ಡಾಲರ್. ನಿನ್ನ ಆದಾಯಕ್ಕೆ ಅದು ಭಾರ, ಆದ್ದರಿಂದ ಇಷ್ಟನ್ನು ಸರಕಾರ ಭರಿಸುತ್ತದೆ ಎಂದು ಅದೇ ಪತ್ರದಲ್ಲಿ ಹೇಳಿದರೆ ಕುಟುಂಬಕ್ಕೆ ಅಪಾಯವೂ ತಿಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಇದು ಕನಸೇನಲ್ಲ. 2022ರಲ್ಲಿ ಫೆಮಾ ಸಂಸತ್ತಿನ ಮುಂದಿಟ್ಟ 17 ಪ್ರಸ್ತಾಪಗಳಲ್ಲಿ ಕಡಿಮೆ ಆದಾಯದವರಿಗೆ ಆದಾಯಾಧಾರಿತ ರಿಯಾಯಿತಿಯೂ ಸೇರಿತ್ತು. ಪ್ರಸ್ತಾಪ ಪ್ರಸ್ತಾಪವಾಗಿಯೇ ಉಳಿಯಿತು. ದರವನ್ನು ಏರಿಸುವ ಅಧಿಕಾರ ಫೆಮಾಕ್ಕಿದೆ, ನೆರವು ಕೊಡುವ ಅಧಿಕಾರ ಸಂಸತ್ತಿನದ್ದು. ಏರಿಕೆ ಹೊತ್ತಿಗೆ ಸರಿಯಾಗಿ ಬಂತು, ನೆರವು ಬರಲಿಲ್ಲ.

ಹಣವೆಲ್ಲಿದೆ ಎಂದು ಕೇಳುತ್ತಾರೆ. ಯೋಜನೆಯ ಲೆಕ್ಕಪುಸ್ತಕವನ್ನೇ ನೋಡೋಣ. 2017ರಲ್ಲಿ ಸಂಸತ್ತು ಯೋಜನೆಯ 1,600 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಿತು. ಆದರೂ 2025ರ ಫೆಬ್ರವರಿಯಲ್ಲಿ ಇನ್ನೂ 200 ಕೋಟಿ ಸಾಲ ಪಡೆದು, ಒಟ್ಟು ಸಾಲ 2,250 ಕೋಟಿ ಡಾಲರ್ ದಾಟಿತು. ಸರಕಾರ ಹೇಗಿದ್ದರೂ ಹಣ ಸುರಿಯುತ್ತಿದೆ. ನೆರೆಯ ಬಳಿಕ ಸುರಿಯುತ್ತಿದೆ, ಯಾರಿಗೆ ಎಷ್ಟು ಎಂದು ನೋಡದೆ ಸುರಿಯುತ್ತಿದೆ. ಅದರ ಒಂದು ಪಾಲನ್ನು ಮೊದಲೇ, ನೋಡಿ ಕೊಡಿ ಎನ್ನುವುದು ದುಬಾರಿ ಬೇಡಿಕೆಯೇ?

ಬ್ರಿಟನ್ ಬೇರೊಂದು ದಾರಿ ಹಿಡಿದಿದೆ. 2016ರ ಏಪ್ರಿಲ್‌ನಲ್ಲಿ ಅಲ್ಲಿ 'ಫ್ಲಡ್ ರೀ' ಎಂಬ ವ್ಯವಸ್ಥೆ ಆರಂಭವಾಯಿತು. ಮನೆ ವಿಮಾ ಕಂಪೆನಿಗಳೆಲ್ಲ ಅದಕ್ಕೊಂದು ವಂತಿಗೆ ಕೊಡುತ್ತವೆ. ಆ ನಿಧಿಯ ಬಲದಿಂದ ಅಪಾಯದ ಮನೆಗಳಿಗೂ ಕೈಗೆಟಕುವ ದರದಲ್ಲಿ ವಿಮೆ ಸಿಗುತ್ತದೆ. ಎರಡು ಷರತ್ತುಗಳು ಗಮನಾರ್ಹ. 2009ರ ಬಳಿಕ ಕಟ್ಟಿದ ಮನೆಗಳಿಗೆ ಈ ಸೌಲಭ್ಯವಿಲ್ಲ, ಅಂದರೆ ತಿಳಿದೂ ತಿಳಿದೂ ತಗ್ಗಿನಲ್ಲಿ ಕಟ್ಟಿದವನಿಗೆ ಊರಿನವರ ಹಣವಿಲ್ಲ. ಇನ್ನೊಂದು, 2039ಕ್ಕೆ ವ್ಯವಸ್ಥೆ ಮುಗಿಯುತ್ತದೆ. ಅಷ್ಟರೊಳಗೆ ದೇಶ ತನ್ನ ಮನೆಗಳನ್ನು ನೆರೆಗೆ ಸಜ್ಜುಗೊಳಿಸಬೇಕು. ಇದರಲ್ಲೂ ದೋಷಗಳಿವೆ, ಸಿರಿವಂತನ ನದಿ ದಂಡೆಯ ಮನೆಗೂ ಲಾಭ ಸಿಗುತ್ತದೆ. ಆದರೆ ಗಡುವು ಇಟ್ಟುಕೊಂಡು ಕೊಡುವ ನೆರವಿಗೂ ಪ್ರತಿ ಚುನಾವಣೆಗೆ ಮುಂಚೆ ಮುಂದೂಡುವ ನಿರ್ಧಾರಕ್ಕೂ ವ್ಯತ್ಯಾಸವಿದೆ.

ಅಮೆರಿಕದೊಳಗೇ ಒಂದು ಮಾದರಿಯಿದೆ. ಒಕ್ಲಹೋಮ ರಾಜ್ಯದ ಟಲ್ಸಾ ನಗರ 1984ರ ಮೇ ತಿಂಗಳ ನೆರೆಯಲ್ಲಿ 14 ಜೀವಗಳನ್ನು ಕಳಕೊಂಡಿತು. ಆ ನಂತರ ನಗರಾಡಳಿತ ಮಾಡಿದ ಕೆಲಸ ಅಬ್ಬರದ್ದಲ್ಲ. ತಗ್ಗಿನ ಮನೆಗಳನ್ನು ಬೆಲೆ ಕೊಟ್ಟು ಕೊಂಡುಕೊಂಡಿತು. ವರ್ಷಗಳು ಉರುಳಿದಂತೆ ಸುಮಾರು ಸಾವಿರ ಕಟ್ಟಡಗಳು ನೆರೆ ಬಯಲಿನಿಂದ ತೆರವಾದುವು. ಆ ಜಾಗ ನೀರಿಗೆ ಬಿಟ್ಟುಕೊಟ್ಟ ಉದ್ಯಾನಗಳಾದುವು. ಫೆಮಾದಲ್ಲಿ ಊರುಗಳಿಗೆ ಅಂಕ ಕೊಡುವ ಪದ್ಧತಿಯಿದೆ. ಊರಿನ ದರ್ಜೆಗೆ ಅನುಗುಣವಾಗಿ ಅಲ್ಲಿನ ವಿಮೆದಾರರಿಗೆ ಶೇ.5ರಿಂದ ಶೇ.45ರ ತನಕ ರಿಯಾಯಿತಿ. ಟಲ್ಸಾ ಇವತ್ತು ಅತ್ಯುನ್ನತ ದರ್ಜೆಗೇರಿದ ಬೆರಳೆಣಿಕೆಯ ಊರುಗಳಲ್ಲೊಂದು. ಅಲ್ಲಿ ದರ ಇಳಿದುದು ಗೆರೆಯನ್ನು ತಿದ್ದಿದ್ದರಿಂದಲ್ಲ, ಮನೆಯನ್ನು ನೀರಿನ ದಾರಿಯಿಂದ ಸರಿಸಿದ್ದರಿಂದ.

ನಕ್ಷೆಗೆ ತಕರಾರು ಸಲ್ಲಿಸುವ ಹಕ್ಕನ್ನು ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ತಪ್ಪು ಗೆರೆಗಳಿರುತ್ತವೆ. ದಿಬ್ಬದ ಮೇಲಿನ ಮನೆಯನ್ನೂ ನುಂಗಿದ ಗೆರೆಯನ್ನು ತಿದ್ದಿಸಬಹುದು, ಮನೆಯ ಬುಡದ ನೆಲ ನೆರೆ ಮಟ್ಟಕ್ಕಿಂತ ಎತ್ತರವಿದೆ ಎಂದು ತೋರಿಸಿದರೆ ಫೆಮಾ ತಿದ್ದುಪಡಿ ಪತ್ರ ಕೊಡುತ್ತದೆ. ಅದಕ್ಕೆ ಫೆಮಾ ಶುಲ್ಕವನ್ನೂ ಪಡೆಯುವುದಿಲ್ಲ. ಆದರೆ ಎತ್ತರ ಅಳೆಯುವ ಸರ್ವೇಯರ್‌ಗೆ ನೂರಾರು ಡಾಲರ್ ತೆರಬೇಕು. ಇರುವವನು ಅಳೆಸುತ್ತಾನೆ, ಇಲ್ಲದವನು ಪ್ರೀಮಿಯಂ ಕಟ್ಟುತ್ತಾನೆ. ಸರ್ವೇಯರ್‌ನ ಖರ್ಚನ್ನು ಕಡಿಮೆ ಆದಾಯದವರಿಗೆ ಸರಕಾರವೇ ಭರಿಸಿದರೆ ಗೆರೆಯೂ ನಿಖರವಾದೀತು. ಜೊತೆಗೆ, ಶಿಬಿರ, ಶಾಲೆ, ವೃದ್ಧಾಶ್ರಮಗಳಂಥ ಹಲವರು ಮಲಗುವ ಕಟ್ಟಡಗಳು ವಲಯದಿಂದ ಹೊರಹೋಗಲು ಕೇಳಿದರೆ ಆ ಅರ್ಜಿಯನ್ನು ಊರಿನ ಮುಂದಿಟ್ಟು ನಿರ್ಧರಿಸಬೇಕು. ಅಲ್ಲಿ ಮಲಗುವವರ ಹೆತ್ತವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಕೊನೆಗೊಂದು ಮಾತು, ಅಲ್ಲಿ ಮನೆ ಕೊಳ್ಳಲು ಹೊರಟ ಮಕ್ಕಳ ಹೆತ್ತವರಿಗೆ. ಮನೆಯ ಕೋಣೆಗಳೆಷ್ಟು, ಮಸೀದಿ ಎಷ್ಟು ದೂರ, ಶಾಲೆ ಹೇಗೆ ಎಂದು ಫೋನ್‌ನಲ್ಲಿ ವಿಚಾರಿಸುತ್ತೇವೆ. ಈ ಮನೆಗೆ ಹಿಂದೆ ನೀರು ನುಗ್ಗಿದೆಯೇ ಎಂದೂ ಕೇಳಿ. ಟೆಕ್ಸಾಸ್‌ನಲ್ಲಿ 2019ರ ಸೆಪ್ಟೆಂಬರ್‌ನಿಂದ, ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್‌ಗಳಲ್ಲಿ 2024ರ ಮಾರ್ಚ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮಾರುವವನು ನೆರೆಯ ಹಿನ್ನೆಲೆಯನ್ನು ಲಿಖಿತವಾಗಿ ತಿಳಿಸಬೇಕು. ಗೆರೆಯ ಹೊರಗಿದ್ದರೂ ವಿಮೆ ಕೊಳ್ಳಲು ತಡೆಯಿಲ್ಲ. ಆದರೆ ಸಾಮಾನ್ಯವಾಗಿ ಕೊಂಡ 30 ದಿನಗಳ ಬಳಿಕವೇ ಅದು ಜಾರಿಗೆ ಬರುವುದರಿಂದ, ಮೋಡ ಕಂಡ ಮೇಲೆ ಓಡಿದರೆ ಫಲವಿಲ್ಲ. ಮಾರುವವನ ಹೆಸರಲ್ಲಿ ಈಗಾಗಲೇ ಸರಕಾರಿ ನೆರೆ ವಿಮೆ ಇದ್ದರೆ ಅದನ್ನು ಕೊಳ್ಳುವವನ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು. ಹಾಗೆ ಮಾಡಿದರೆ ಆತನ ರಿಯಾಯಿತಿಯ ದರವೂ ಮನೆಯ ಜೊತೆಗೇ ಬರುತ್ತದೆ. ಖರೀದಿ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಇದನ್ನು ಕೇಳಿಕೊಳ್ಳಬೇಕು.